ತಗಡಿನ ಸೂರಿನಡಿ ಯಾವ ಪಿಯಾನೊ?

ಕೆಜಿಎಫ್‌ನ ಚರ್ಚುಗಳಿಂದ ಬಂಗಾರಪೇಟೆಯ ರಸಮಂಜರಿ ವೇದಿಕೆಯವರೆಗೆ, ಡಿಜಿಟಲ್ ಕೀಬೋರ್ಡಿನ ಪಿಯಾನೊ ಟೋನುಗಳಲ್ಲಿ ನಿಜಕ್ಕೂ ಕಿವಿಗೆ ತಲುಪುವುದು ಯಾವುದು?

ಕೋಲಾರದ ಚಿನ್ನದ ಗಣಿಗಳ ಊರಾದ ಕೆಜಿಎಫ್‌ನಲ್ಲಿ ಹೊಸ ಕೀಬೋರ್ಡ್ ಮನೆಗೆ ಬಂತೆಂದರೆ ಮೊದಲ ಪರೀಕ್ಷೆ ಪಿಯಾನೊ ಟೋನ್‌ನದು. ತಬಲಾ, ಶಹನಾಯಿ, ಸ್ಟ್ರಿಂಗ್ಸ್, ಬ್ರಾಸ್ ಎಲ್ಲ ಆಮೇಲೆ. ಚಾಂಪಿಯನ್ ರೀಫ್ಸ್‌ನ ಕೋಯರ್‌ಗೆ ನುಡಿಸುವವರಿರಲಿ, ರಾಬರ್ಟ್‌ಸನ್‌ಪೇಟೆಯ ಆರ್ಕೆಸ್ಟ್ರಾದವರಿರಲಿ, ಬಂಗಾರಪೇಟೆಯಲ್ಲಿ ಮಕ್ಕಳಿಗೆ ಪಾಠ ಹೇಳಿಕೊಡುವ ಮೇಷ್ಟ್ರಿರಲಿ, ನಡುವಿನ ‘ಸಿ’ ಮೇಲೆ ಒಂದು ಕಾರ್ಡ್ ಹಿಡಿದು, ಪೆಡಲ್ ತುಳಿದು, ಬೆರಳು ಎತ್ತದೆ ಕಾಯುತ್ತಾರೆ. ನಾದ ಎಷ್ಟು ಹೊತ್ತು ನಿಂತಿತು, ಇಳಿಯುವಾಗ ಹೇಗೆ ಇಳಿಯಿತು ಎಂದು ಕಿವಿಗೊಡುತ್ತಾರೆ. ಆಮೇಲೆ ಮುಖದಲ್ಲೇ ತೀರ್ಪು ಕಾಣುತ್ತದೆ.

ಈ ಹಟಕ್ಕೆ ಕಾರಣವಿದೆ. ಇಲ್ಲಿ ಒಂದೇ ವಾದ್ಯ ಹಲವು ಕೆಲಸ ಮಾಡಬೇಕು. ಗಣೇಶನ ಹಬ್ಬಕ್ಕೆ ಶಾಮಿಯಾನದಡಿ ರಸಮಂಜರಿ, ನವೆಂಬರ್ ತುಂಬ ರಾಜ್ಯೋತ್ಸವದ ಕಾರ್ಯಕ್ರಮಗಳು, ಅದು ಮುಗಿಯುವಷ್ಟರಲ್ಲಿ ಕ್ಯಾರಲ್ ಸುತ್ತಾಟ, ಕ್ರಿಸ್‌ಮಸ್, ಡಿಸೆಂಬರ್ 31ರ ನಡುರಾತ್ರಿಯ ಆರಾಧನೆ. ಕನ್ನಡ ಹಾಡಿನ ಬೆನ್ನಿಗೇ ತಮಿಳು ಹಾಡು, ಅದರ ಬೆನ್ನಿಗೆ ತೆಲುಗು ಕೀರ್ತನೆ, ನಡುವೆ ನಾಲ್ಕು ಧ್ವನಿಯಲ್ಲಿ ಹಾಡುವ ಇಂಗ್ಲಿಷ್ ಹಿಮ್ನ್. ಇಷ್ಟೆಲ್ಲಕ್ಕೂ ತಳಪಾಯ ಹಾಕುವ ಟೋನ್ ಪಿಯಾನೊ. ಅದು ಸರಿಯಿಲ್ಲದಿದ್ದರೆ ಮಿಕ್ಕ 500 ಟೋನ್ ಇದ್ದರೂ ಕೈ ಬರುವುದಿಲ್ಲ.

ಈ ಸುತ್ತಿನ ಹಾಲುಗಳಲ್ಲಿ ನುಡಿಸುತ್ತ, ಬೇರೆಯವರು ನುಡಿಸುವುದನ್ನು ಹಿಂದಿನ ಬೆಂಚಿನಲ್ಲಿ ಕೂತು ಕೇಳುತ್ತ ಬಂದಿರುವ ನನಗೆ ಒಂದು ವಿಷಯ ಖಚಿತವಾಗಿದೆ. ಬೆಂಗಳೂರಿನ ಅಂಗಡಿಯಲ್ಲಿ ಹೆಡ್‌ಫೋನ್ ಹಾಕಿಕೊಂಡು ಕೇಳಿದಾಗ ಗೆಲ್ಲುವ ಪಿಯಾನೊ ಬೇರೆ, ಕೆಜಿಎಫ್‌ನ ಉರಿಗಾಂನ ತಗಡು ಸೂರಿನ ಹಾಲಿನಲ್ಲಿ ಒಂದೇ ಸ್ಪೀಕರ್ ಮೂಲಕ ಗೆಲ್ಲುವ ಪಿಯಾನೊ ಬೇರೆ. ಒಂಬತ್ತು ಅಡಿಯ ಕನ್ಸರ್ಟ್ ಗ್ರ್ಯಾಂಡ್‌ನ ಧ್ವನಿಗೇ ಎಲ್ಲರೂ ಆಸೆಪಡುತ್ತಾರೆ. ನಮ್ಮೂರಿಗೆ ಒದಗುವುದು ಮಾತ್ರ ಬಹುತೇಕ ಸಲ ಗೋಡೆಗೆ ಒರಗಿಸಿಡುವ ಸಾಧಾರಣ ಅಪ್‌ರೈಟ್ ಪಿಯಾನೊದ ಧ್ವನಿ.

ಗಣಿಯೂರಿಗೆ ಪಿಯಾನೊ ಬಂದ ದಾರಿ

1880ರಲ್ಲಿ ಜಾನ್ ಟೇಲರ್ ಕಂಪನಿ ಇಲ್ಲಿ ಗಣಿಗಾರಿಕೆಗೆ ಇಳಿಯಿತು. ಅದರ ಹಿಂದೆಯೇ ಇಂಗ್ಲಿಷ್ ಎಂಜಿನಿಯರುಗಳು, ಆಂಗ್ಲೋ ಇಂಡಿಯನ್ ಕುಟುಂಬಗಳು, ತಮಿಳುನಾಡು ಮತ್ತು ಆಂಧ್ರದ ಕಡೆಯಿಂದ ಸಾವಿರಾರು ಕಾರ್ಮಿಕರು ಬಂದರು. ಬಂಗಲೆ, ಕ್ಲಬ್, ಚರ್ಚು, ಕಾನ್ವೆಂಟ್ ಎಲ್ಲ ಎದ್ದವು. ‘ಲಿಟಲ್ ಇಂಗ್ಲೆಂಡ್’ ಎಂಬ ಹೆಸರೂ ಬಿತ್ತು. ಆಗ ಬೌರಿಂಗ್‌ಪೇಟೆ ಎನಿಸಿಕೊಂಡಿದ್ದ ಬಂಗಾರಪೇಟೆಯಿಂದ ಮಾರಿಕುಪ್ಪಂವರೆಗಿನ ಕವಲು ರೈಲುದಾರಿ 1890ರ ದಶಕದಲ್ಲಿ ಆಯಿತು. ಗಣಿಯ ಯಂತ್ರಕ್ಕೂ ಬಂಗಲೆಯ ಪೀಠೋಪಕರಣಕ್ಕೂ ಅದೇ ದಾರಿ. ಆ ಕಾಲದಲ್ಲಿ ದಕ್ಷಿಣಕ್ಕೆ ಪಿಯಾನೊ ಒದಗಿಸುತ್ತಿದ್ದ ದೊಡ್ಡ ಹೆಸರು ಮದ್ರಾಸಿನ ಮಿಸ್ಕ್ವಿತ್ ಕಂಪನಿ. 1842ರಲ್ಲಿ ಶುರುವಾದ ಅದು ಇಂದಿಗೂ ಚೆನ್ನೈಯಲ್ಲಿ ಮ್ಯೂಸಿ ಮ್ಯೂಸಿಕಲ್ ಎಂಬ ಹೆಸರಿನಲ್ಲಿ ನಡೆಯುತ್ತಿದೆ.

ಕಾರ್ಮಿಕರ ಮಕ್ಕಳಿಗೆ ಈ ವಾದ್ಯದ ಪರಿಚಯ ಆದದ್ದು ಹೆಚ್ಚಾಗಿ ಚರ್ಚಿನಲ್ಲಿ, ಶಾಲೆಯಲ್ಲಿ. ಅಂಥ ಕಡೆ ಇರುತ್ತಿದ್ದದ್ದು ಅಪ್‌ರೈಟ್. ಕನ್ಸರ್ಟ್ ಗ್ರ್ಯಾಂಡ್ ಒಂದು ಅರ್ಧ ಟನ್ ತೂಗುತ್ತದೆ, ಅದಕ್ಕೊಂದು ಕೋಣೆಯೇ ಬೇಕು. ಅಪ್‌ರೈಟ್ ಅದರ ಅರ್ಧ ತೂಕ, ಗೋಡೆಗೆ ಸೇರಿಸಿಟ್ಟರೆ ಮುಗಿಯಿತು. ಪಿಯಾನೊ ಅಂದರೆ ಹೀಗೆ ಕೇಳಬೇಕು ಎಂದು ಈ ಊರಿನ ಹಿರಿಯರ ಕಿವಿಯಲ್ಲಿ ಕೂತಿರುವ ಧ್ವನಿ ಈ ಅಪ್‌ರೈಟ್‌ನದು ಎಂಬುದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಡಿಜಿಟಲ್ ಕೀಬೋರ್ಡ್ ನಡೆಯುವುದೇ ಕರೆಂಟಿನ ಮೇಲೆ, ಹಾಗಾಗಿ ಕರೆಂಟಿನ ಮಾತೂ ಇಲ್ಲಿ ಸಲ್ಲುತ್ತದೆ. ಶಿವನಸಮುದ್ರದಲ್ಲಿ ಉತ್ಪಾದಿಸಿದ ವಿದ್ಯುತ್ತು ಸುಮಾರು 150 ಕಿಲೊಮೀಟರ್ ಹರಿದು ಕೆಜಿಎಫ್‌ಗೆ ಬಂದದ್ದು 1902ರಲ್ಲಿ. ಬೆಂಗಳೂರಿನ ಬೀದಿಗೆ ದೀಪ ಬಂದದ್ದು 1905ರಲ್ಲಿ. ಬೆಂಗಳೂರಿಗಿಂತ ಮೊದಲೇ ಕರೆಂಟು ಕಂಡ ಊರಿದು.

ಕೆಜಿಎಫ್ ಸೇರಿದ್ದ ಮೈಸೂರು ಸಂಸ್ಥಾನದ ಅರಮನೆಯಲ್ಲಿ ಪಿಯಾನೊದ ಇನ್ನೊಂದು ಕಥೆ ನಡೆಯುತ್ತಿತ್ತು. ಕೋಲಾರದ ಚಿನ್ನದ ರಾಯಧನ ಮೈಸೂರಿನ ಬೊಕ್ಕಸಕ್ಕೆ ಸಲ್ಲುತ್ತಿದ್ದ ಕಾಲದಲ್ಲಿ, ಮಹಾರಾಜ ಜಯಚಾಮರಾಜ ಒಡೆಯರ್ ಸ್ವತಃ ಪಿಯಾನೊ ಕಲಿತವರು. ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತ ಶಾಲೆಯ ಲೈಸೆನ್ಶಿಯೇಟ್ ಪಡೆದವರು. ಲಂಡನ್ನಿನಲ್ಲಿ ಬಡತನದಲ್ಲಿದ್ದ ರಷ್ಯಾದ ಸಂಗೀತಗಾರ ನಿಕೊಲಾಯ್ ಮೆಟ್ನರ್ ಅವರ ಕೃತಿಗಳನ್ನು ಅವರಿಂದಲೇ ನುಡಿಸಿ 1940ರ ದಶಕದ ಕೊನೆಯಲ್ಲಿ ಧ್ವನಿಮುದ್ರಿಸಲು ಹಣ ಕೊಟ್ಟವರು ಇವರೇ. ಮೆಟ್ನರ್ ತಮ್ಮ ಮೂರನೆಯ ಪಿಯಾನೊ ಕನ್ಸರ್ಟೊವನ್ನು ಮೈಸೂರು ಮಹಾರಾಜರಿಗೆ ಅರ್ಪಿಸಿದರು. ಒಬ್ಬ ಮಹಾನ್ ವಾದಕನ ಕೈಬೆರಳಿನ ಧ್ವನಿ ಕಳೆದುಹೋಗದ ಹಾಗೆ ಹಿಡಿದಿಡಬೇಕೆಂಬ ತವಕ ಕನ್ನಡನಾಡಿಗೆ ಹೊಸದಲ್ಲ ಎಂದು ಹೇಳುವುದಕ್ಕೆ ನನಗೆ ಈ ಪ್ರಸಂಗ ತುಂಬ ಪ್ರಿಯ.

2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಕೆಲಸ ಹುಡುಕಿಕೊಂಡು ಜನ ಬೆಂಗಳೂರಿನ ರೈಲು ಹತ್ತಿದರು, ಎಷ್ಟೋ ಕುಟುಂಬಗಳು ಊರನ್ನೇ ಬಿಟ್ಟವು. ಇತ್ತ ಮರ, ಉಣ್ಣೆಯ ಫೆಲ್ಟು, ಉಕ್ಕಿನ ತಂತಿಗಳಿಂದಾದ ಪಿಯಾನೊವನ್ನು ಗೆದ್ದಲು, ಬೇಸಿಗೆಯ ಒಣಗಾಳಿ, ಮಳೆಗಾಲದ ತೇವಗಳಿಂದ ಕಾಪಾಡುವುದು ಸಾಮಾನ್ಯದ ಮಾತಲ್ಲ. ಸುಮಾರು 230 ತಂತಿಗಳು, ಎಲ್ಲ ಸೇರಿ 18ರಿಂದ 20 ಟನ್ ಬಿಗಿತ. ಶ್ರುತಿ ಮಾಡಲು ಟ್ಯೂನರ್ ದೂರದ ಊರಿನಿಂದ ಬರಬೇಕು. ಡಿಜಿಟಲ್ ಕೀಬೋರ್ಡ್ ಆ ಜಾಗಕ್ಕೆ ಬಂದದ್ದು ಸಹಜ. ಶ್ರುತಿ ಕೆಡುವುದಿಲ್ಲ, ಹೆಗಲಿಗೆ ಹಾಕಿಕೊಂಡು ಹೋಗಬಹುದು, ಟ್ರಾನ್ಸ್‌ಪೋಸ್ ಒತ್ತಿದರೆ ಹಾಡುವವರ ಶ್ರುತಿಗೆ ಇಳಿಯುತ್ತದೆ.

ಒಂದು ಸ್ವರ, ಎರಡು ಇಳಿತ

ಕೀಬೋರ್ಡಿನ ಒಳಗಿರುವ ಪಿಯಾನೊ ಅಂದರೆ ಏನು? ಎಲ್ಲೋ ಒಂದು ಸ್ಟುಡಿಯೊದಲ್ಲಿ ನಿಜವಾದ ಪಿಯಾನೊದ ಮನೆಗಳನ್ನು, ಅಂದರೆ ಕೀಗಳನ್ನು, ಮೆಲ್ಲಗೆ, ನಡು ಒತ್ತಿನಲ್ಲಿ, ಜೋರಾಗಿ ಒತ್ತಿ ಮಾಡಿಕೊಂಡ ಧ್ವನಿಮುದ್ರಣಗಳ ಗೊಂಚಲು. ನಾವು ಮನೆ ಒತ್ತಿದ ವೇಗವನ್ನು ಯಂತ್ರ 1ರಿಂದ 127ರವರೆಗಿನ ಒಂದು ಅಂಕಿಯಾಗಿ ಅಳೆಯುತ್ತದೆ. ಆ ಅಂಕಿಗೆ ಯಾವ ಒತ್ತಿನ ಧ್ವನಿ ಹೊಂದುತ್ತದೋ ಅದನ್ನು ನುಡಿಸುತ್ತದೆ.

ಕಷ್ಟ ಶುರುವಾಗುವುದು ಸ್ವರ ಇಳಿಯುವಾಗ. ಪಿಯಾನೊದ ತೀರ ಕೆಳಗಿನ ಸ್ವರಗಳಿಗೆ ಒಂದೊಂದು ತಂತಿ, ಅದರ ಮೇಲೆ ಎರಡೆರಡು, ನಡುವಿನಿಂದ ಮೇಲಕ್ಕೆ ಮೂರು ಮೂರು. ಈ ಮೂರು ತಂತಿ ಕೂದಲೆಳೆಯಷ್ಟು ಬೇರೆ ಬೇರೆ ಶ್ರುತಿಯಲ್ಲಿ ಇರುತ್ತವೆ. ಸುತ್ತಿಗೆ ಬಡಿದ ಕ್ಷಣ ಮೂರೂ ಒಟ್ಟಿಗೆ ಮೇಲೆ ಕೆಳಗೆ ಆಡಿ, ತಂತಿಯ ಕಂಪನವನ್ನು ಹಲಗೆಗೆ ದಾಟಿಸುವ ಸೇತುವೆಯನ್ನು ಬಲವಾಗಿ ತಳ್ಳುತ್ತವೆ, ಶಕ್ತಿ ಬೇಗ ಖರ್ಚಾಗುತ್ತದೆ, ಸದ್ದು ರಭಸದಿಂದ ಇಳಿಯುತ್ತದೆ. ಸ್ವಲ್ಪ ಹೊತ್ತಿಗೆ ಅವುಗಳ ಹೆಜ್ಜೆ ತಪ್ಪಿ ಒಂದು ಮೇಲೆ ಹೋದಾಗ ಇನ್ನೊಂದು ಕೆಳಗೆ ಬರುತ್ತದೆ. ಸೇತುವೆಯ ಮೇಲಿನ ತಳ್ಳು ಕಡಿಮೆಯಾಗಿ, ಉಳಿದ ನಾದ ನಿಧಾನವಾಗಿ ಬಹಳ ಹೊತ್ತು ತೇಲುತ್ತದೆ. ಭೌತವಿಜ್ಞಾನಿ ಗೇಬ್ರಿಯಲ್ ವೈನ್‌ರಿಚ್ 1977ರಲ್ಲಿ ಇದನ್ನು ಬಿಡಿಸಿ ತೋರಿಸಿದರು. ಪಿಯಾನೊ ಸ್ವರಕ್ಕೆ ಎರಡು ಇಳಿತಗಳಿವೆ. ಮೊದಲನೆಯದು ತಾಳ ಕೊಡುತ್ತದೆ, ಎರಡನೆಯದು ಹಾಡುತ್ತದೆ.

ಹಳೆಯ ಕೀಬೋರ್ಡುಗಳಲ್ಲಿ ಈ ಎರಡನೆಯ ಇಳಿತಕ್ಕೇ ಕತ್ತರಿ ಬೀಳುತ್ತಿತ್ತು. ಮೆಮೊರಿ ದುಬಾರಿ. ಸ್ವರದ ಮೊದಲ ಒಂದೆರಡು ಸೆಕೆಂಡು ಇಟ್ಟುಕೊಂಡು, ಉಳಿದದ್ದಕ್ಕೆ ಒಂದು ಚಿಕ್ಕ ತುಣುಕನ್ನೇ ಸುತ್ತಿ ಸುತ್ತಿ ನುಡಿಸುತ್ತಿದ್ದರು. 1988ರ ಕೊರ್ಗ್ ಎಂ1 ಪ್ರಪಂಚವನ್ನೇ ಗೆದ್ದ ವಾದ್ಯ. ಅದರ ಎಲ್ಲ ಟೋನುಗಳ ಧ್ವನಿಮುದ್ರಣಕ್ಕೂ ಸೇರಿ ಇದ್ದ ಜಾಗ 4 ಮೆಗಾಬೈಟ್. ಈಗ ಫೋನಿನಲ್ಲಿ ತೆಗೆಯುವ ಒಂದು ಫೋಟೊಗೆ ಬೇಕಾಗುವಷ್ಟು. ಅಷ್ಟರಲ್ಲಿ ಒಂದು ಪಿಯಾನೊ ಮಾಡಿ, ಅದು 1990ರ ದಶಕದ ಕುಣಿತದ ಸಂಗೀತದಲ್ಲೆಲ್ಲ ಮೊಳಗುವ ಹಾಗೆ ಮಾಡಿದವರ ಜಾಣ್ಮೆಗೆ ನಾನು ಇವತ್ತಿಗೂ ತಲೆಬಾಗುತ್ತೇನೆ. ಅದಕ್ಕೂ ಮೊದಲು, 1982ರಲ್ಲಿ ಸ್ಟೀವಿ ವಂಡರ್ ಅವರು ರೇ ಕರ್ಜ್‌ವೈಲ್ ಅವರೊಡನೆ ಮಾತನಾಡುತ್ತ, ನಿಜವಾದ ವಾದ್ಯದ ಜೀವ ಇರುವ ಎಲೆಕ್ಟ್ರಾನಿಕ್ ವಾದ್ಯ ಬೇಕೆಂದು ಕೇಳಿದ್ದರು. ಎರಡು ವರ್ಷದಲ್ಲಿ ಕರ್ಜ್‌ವೈಲ್ 250 ಬಂತು. ಗ್ರ್ಯಾಂಡ್ ಪಿಯಾನೊವನ್ನು ನಂಬುವ ಹಾಗೆ ನುಡಿಸಿದ ಮೊದಲ ಸ್ಯಾಂಪಲ್ ಕೀಬೋರ್ಡುಗಳಲ್ಲಿ ಅದೊಂದು.

2011ರಲ್ಲಿ ಕೊರ್ಗ್ ಕ್ರೋನೋಸ್ ಬಂದಾಗ ಲೆಕ್ಕವೇ ಬದಲಾಯಿತು. ಸುತ್ತಿ ನುಡಿಸುವ ಹಂಗೇ ಇಲ್ಲ. ಪ್ರತಿ ಸ್ವರವೂ ಹುಟ್ಟಿನಿಂದ ಕೊನೆಯವರೆಗೆ ಗಿಗಾಬೈಟುಗಟ್ಟಲೆ ಜಾಗದಲ್ಲಿ ಇಡಿಯಾಗಿ ಕೂತಿತು. ಅದರಲ್ಲಿನ ಜರ್ಮನ್ ಗ್ರ್ಯಾಂಡ್‌ನ ಒಂದು ಕೆಳಸ್ವರ ಒತ್ತಿ ಹಿಡಿದು ಕೇಳುತ್ತ ಕೂರುವುದೇ ಒಂದು ಸುಖ.

ಒಂದೇ ವಯರಿನ ಪ್ರಶ್ನೆ

ಈಗ ಆ ಕೀಬೋರ್ಡನ್ನು ನಮ್ಮ ಹಾಲಿಗೆ ತನ್ನಿ. ಗಣಿ ಕಾಲದ ಕಟ್ಟಡ, ಎತ್ತರದ ತಗಡಿನ ಸೂರು, ಸಿಮೆಂಟಿನ ನೆಲ, ಉದ್ದನೆಯ ಕಿಟಕಿಗಳು. ಒಂದು ಬದಿಯಲ್ಲಿ ಸೌಂಡ್ ಸರ್ವಿಸ್‌ನವರ ಮಿಕ್ಸರ್. ಎಂಟು ಚಾನೆಲ್. ಕೋಯರ್‌ಗೆ ಮೂರು ಮೈಕು, ಪಾಸ್ಟರ್‌ಗೆ ಒಂದು, ವಾಚನ ಪೀಠಕ್ಕೆ ಒಂದು, ಗಿಟಾರ್, ಪ್ಯಾಡ್. ಉಳಿದದ್ದು ಒಂದು.

“ಅಣ್ಣಾ, ಒಂದೇ ಲೈನ್ ಕೊಡಿ. ಮಿಕ್ಸರ್‌ನಲ್ಲಿ ಇನ್ನೊಂದು ಚಾನೆಲ್ ಖಾಲಿ ಇಲ್ಲ.”

“ಆಯ್ತು ಬ್ರದರ್, ಎಡಗಡೇದು ತಗೊಳ್ಳಿ.”

ಈ ಎರಡು ಮಾತಿನಲ್ಲಿ ಲಕ್ಷಾಂತರ ರೂಪಾಯಿಯ ಪಿಯಾನೊ ಬಡವಾಗಬಹುದು. ಕೀಬೋರ್ಡಿನ ಹಿಂದೆ ‘ಎಲ್/ಮೋನೊ’ ಎಂದು ಬರೆದ ತೂತಿಗೆ ಮಾತ್ರ ಜ್ಯಾಕ್ ಚುಚ್ಚಿದರೆ, ಯಂತ್ರ ಎಡ ಬಲ ಎರಡನ್ನೂ ಕೂಡಿಸಿ ಒಂದೇ ಲೈನಿನಲ್ಲಿ ಕಳಿಸುತ್ತದೆ. ಸ್ಟುಡಿಯೊದಲ್ಲಿ ಆ ಪಿಯಾನೊಗೆ ಎರಡು ಮೈಕು ಇಟ್ಟಿರುತ್ತಾರೆ, ಒಂದು ಕೆಳಗಿನ ತಂತಿಗಳ ಕಡೆ, ಇನ್ನೊಂದು ಮೇಲಿನ ತಂತಿಗಳ ಕಡೆ. ಒಂದೇ ಸ್ವರ ಒಂದು ಮೈಕನ್ನು ಮೊದಲು ಮುಟ್ಟಿ, ಇನ್ನೊಂದನ್ನು ಚೂರು ತಡವಾಗಿ ಮುಟ್ಟುತ್ತದೆ. ಎರಡು ಕಿವಿಗೆ ಬೇರೆ ಬೇರೆಯಾಗಿ ಕೇಳಿಸಿದಾಗ ಈ ತಡವೇ ವಿಸ್ತಾರವಾಗಿ, ವಾದ್ಯದ ಮುಂದೆ ಕೂತ ಅನುಭವವಾಗಿ ಬರುತ್ತದೆ. ಒಟ್ಟಿಗೆ ಕೂಡಿಸಿದರೆ ಒಂದನ್ನೊಂದು ಅಳಿಸುತ್ತವೆ.

ಲೆಕ್ಕ ಹಾಕಿ ನೋಡಿ. ಎರಡು ಮೈಕಿನ ದಾರಿಯಲ್ಲಿ 34 ಸೆಂಟಿಮೀಟರ್ ವ್ಯತ್ಯಾಸ ಇದ್ದರೆ ಸದ್ದಿಗೆ 1 ಮಿಲಿಸೆಕೆಂಡ್ ತಡ. ಅಷ್ಟಕ್ಕೆ 500 ಹರ್ಟ್ಜ್ ಸುತ್ತಮುತ್ತ ಒಂದು ಅಲೆ ಏರುವಾಗ ಇನ್ನೊಂದು ಇಳಿಯುತ್ತಿರುತ್ತದೆ. ಅದು ನಡುವಿನ ‘ಸಿ’ ಮೇಲಿನ ‘ಬಿ’ ಸ್ವರದ ಜಾಗ, ಅಂದರೆ ಹಾಡಿನ ರಾಗ ಓಡಾಡುವ ಸರಿ ನಡುಮನೆ. 1500 ಹರ್ಟ್ಜ್‌ನಲ್ಲಿ ಮತ್ತೆ ಅದೇ ಕಥೆ. ಪರಿಣಾಮವಾಗಿ ಪಿಯಾನೊ ಬಾವಿಯೊಳಗಿನಿಂದ ಬಂದಂತೆ ಕೇಳುತ್ತದೆ, ಕೆಲವು ಸ್ವರ ಮುಂದೆ ಹಾರುತ್ತವೆ, ಕೆಲವು ಕಾಣೆಯಾಗುತ್ತವೆ. ವಾದಕ ಕೀಬೋರ್ಡ್ ಸರಿಯಿಲ್ಲ ಎನ್ನುತ್ತಾನೆ, ಸೌಂಡಿನವರು ಜ್ಯಾಕ್ ಅಲ್ಲಾಡಿಸುತ್ತಾರೆ. ಇಬ್ಬರ ತಪ್ಪೂ ಇಲ್ಲ.

ಇದಕ್ಕೆ ಒಂದು ಸುಲಭ ಉಪಾಯವಿದೆ. ಬಲಗಡೆಯ ತೂತಿಗೂ ಒಂದು ಖಾಲಿ ಜ್ಯಾಕ್ ಚುಚ್ಚಿಡಿ. ಬಹುಪಾಲು ಕೀಬೋರ್ಡುಗಳು ಆಗ ಎರಡನ್ನೂ ಕೂಡಿಸುವುದನ್ನು ನಿಲ್ಲಿಸಿ, ಎಡಗಡೆಗೆ ಎಡಗಡೆಯದನ್ನೇ ಕೊಡುತ್ತವೆ. ಒಂದೇ ಮೈಕಿನ ಪಿಯಾನೊ ಅದು, ವಿಸ್ತಾರ ಇಲ್ಲ, ಆದರೆ ಅಖಂಡವಾಗಿ ಕೇಳುತ್ತದೆ. ಎಡದ್ದೋ ಬಲದ್ದೋ ಯಾವುದು ಚೆನ್ನ ಎಂದು ಕಾರ್ಯಕ್ರಮಕ್ಕೆ ಮೊದಲೇ ಕೇಳಿ ನೋಡಿ. ಕೆಲವು ವಾದ್ಯಗಳ ಪಟ್ಟಿಯಲ್ಲಿ ‘ಮೋನೊ ಪಿಯಾನೊ’ ಎಂಬ ಟೋನೇ ಇರುತ್ತದೆ. ಹೆಡ್‌ಫೋನ್‌ನಲ್ಲಿ ಕೇಳಿ ಸಪ್ಪೆಯೆಂದು ದಾಟಿಹೋಗುವ ಆ ಟೋನ್ ಹಾಲಿನಲ್ಲಿ ಕೈಹಿಡಿಯುತ್ತದೆ.

ಇನ್ನೆರಡು ಮಾತು. ತಗಡಿನ ಸೂರಿನ ಹಾಲಿನಲ್ಲಿ 250ರಿಂದ 400 ಹರ್ಟ್ಜ್ ಜಾಗ ಗುಂಯ್‌ಗುಡುತ್ತದೆ, ಮಿಕ್ಸರ್‌ನಲ್ಲಿ ಅದನ್ನು ಸ್ವಲ್ಪ ಇಳಿಸಿ. ಬೇಸ್ ಗಿಟಾರ್ ಇದ್ದರೆ ಎಡಗೈಯ ಕೆಳಸ್ವರಗಳನ್ನು ಅದಕ್ಕೆ ಬಿಟ್ಟುಕೊಡಿ.

ಮೆಚ್ಚಿನ ಟೋನುಗಳು

ಯಮಹಾದಿಂದ ಶುರುಮಾಡುತ್ತೇನೆ, ಈ ಸೀಮೆಯ ಕಿವಿಗೆ ಹೆಚ್ಚು ಒಗ್ಗಿರುವುದು ಅದೇ. 2019ರ ಸಿಪಿ88 ಮತ್ತು ಅದರ ತಮ್ಮ ಸಿಪಿ73 ವಾದ್ಯಗಳಲ್ಲಿ ಮೂರು ಗ್ರ್ಯಾಂಡ್‌ಗಳಿವೆ. ಸಿಎಫ್‌ಎಕ್ಸ್, ವಿಯೆನ್ನಾದ ಬ್ಯೋಸೆಂಡೋರ್ಫರ್ ಇಂಪೀರಿಯಲ್, ಮತ್ತು ಎಸ್700. ಸಿಎಫ್‌ಎಕ್ಸ್ 2010ರಲ್ಲಿ ಬಂದ ಯಮಹಾದ ಕನ್ಸರ್ಟ್ ಗ್ರ್ಯಾಂಡ್. ಅದೇ ವರ್ಷ ವಾರ್ಸಾದ ಶೊಪಿನ್ ಸ್ಪರ್ಧೆಯಲ್ಲಿ ಗೆದ್ದ ಯೂಲಿಯಾನಾ ಅವ್ದೇಯೆವಾ ನುಡಿಸಿದ್ದು ಅದನ್ನೇ. ಬೆರಳು ಹಗುರವಾಗಿಟ್ಟರೆ ತಿಳಿಯಾಗಿ, ಒತ್ತಿದರೆ ಹೊಳಪಾಗಿ ಏರುವ ಅದರ ಗುಣ ಅಪರೂಪದ್ದು. ಒಂಟಿಯಾಗಿ ನುಡಿಸುವಾಗ, ಎರಡು ಸ್ಪೀಕರ್ ಸಿಕ್ಕಾಗ ಅದಕ್ಕೆ ಸಾಟಿ ಕಡಿಮೆ. ರಸಮಂಜರಿಗೆ ನನ್ನ ಆಯ್ಕೆ ಎಸ್700. ಪ್ಯಾಡ್, ಬೇಸ್, ಗಿಟಾರ್, ಇಬ್ಬರು ಗಾಯಕರು, ಪಕ್ಕದಲ್ಲಿ ಜನರೇಟರ್ ಸದ್ದು, ಇಷ್ಟರ ನಡುವೆ ಕಾರ್ಡು ಬದಲಾದದ್ದು ಕೊನೆಯ ಸಾಲಿನವರಿಗೂ ತಿಳಿಯಬೇಕಾದರೆ ಅದರ ಚುರುಕು ಬೇಕು. ಬ್ಯೋಸೆಂಡೋರ್ಫರ್ ಇಂಪೀರಿಯಲ್‌ಗೆ 88ರ ಬದಲು 97 ಮನೆಗಳು, ಅದರ ಕೆಳಸ್ವರಗಳ ಆಳ ನಿಧಾನಗತಿಯ ಭಕ್ತಿಗೀತೆಗೆ ಹೊಂದುತ್ತದೆ.

ರೋಲ್ಯಾಂಡ್‌ನವರ ದಾರಿ ಬೇರೆ. 2009ರಲ್ಲಿ ಅವರು ತಂದ ವಿ-ಪಿಯಾನೊದಲ್ಲಿ ಧ್ವನಿಮುದ್ರಣವೇ ಇರಲಿಲ್ಲ. ತಂತಿ, ಸುತ್ತಿಗೆ, ಹಲಗೆಗಳ ವರ್ತನೆಯನ್ನೇ ಲೆಕ್ಕದಿಂದ ಕಟ್ಟಿ, ಆ ಕ್ಷಣಕ್ಕೆ ಸ್ವರವನ್ನು ಹುಟ್ಟಿಸುವ ವಾದ್ಯ. 2017ರ ಆರ್‌ಡಿ-2000ದಲ್ಲಿ ಆ ಕ್ರಮವೂ ಇದೆ, ಇತರ ಟೋನುಗಳಿಗೆ ಬೇರೊಂದು ಎಂಜಿನ್ನೂ ಇದೆ. ಲೆಕ್ಕದಿಂದ ಹುಟ್ಟುವ ಪಿಯಾನೊದ ಲಾಭ ಮೆಲುದನಿಯಲ್ಲಿ ತಿಳಿಯುತ್ತದೆ. ಧ್ವನಿಮುದ್ರಣದ ಪಿಯಾನೊಗಳಲ್ಲಿ ಒಂದು ಪದರದಿಂದ ಇನ್ನೊಂದಕ್ಕೆ ದಾಟುವಾಗ ಬಣ್ಣ ಥಟ್ಟನೆ ಬದಲಾಗುವುದುಂಟು. ಇಲ್ಲಿ ಮೆಟ್ಟಿಲೇ ಇಲ್ಲ. ಪ್ರಾರ್ಥನೆಯ ಹಿಂದೆ ಹತ್ತು ನಿಮಿಷ ಮೆಲ್ಲಗೆ ನುಡಿಸುತ್ತಲೇ ಇರಬೇಕಾದವರಿಗೆ ಇದರ ಬೆಲೆ ಗೊತ್ತು. ಇದೇ ಮನೆತನದ ಎಕ್ಸ್‌ಪಿಎಸ್-10 ನಮ್ಮ ಆರ್ಕೆಸ್ಟ್ರಾಗಳಲ್ಲಿ ಮನೆಮಾತು. ಹಗುರ, ಕೈಗೆಟುಕುವ ಬೆಲೆ, ನಮ್ಮ ವಾದ್ಯಗಳ ಟೋನುಗಳೂ ಇವೆ. ಅದರ ಪಿಯಾನೊ ಸರಳ. ಆ ಸರಳತೆಯಿಂದಲೇ ಒಂದೇ ಸ್ಪೀಕರಿನಲ್ಲಿ ಎಷ್ಟೋ ದೊಡ್ಡ ವಾದ್ಯಗಳಿಗಿಂತ ಗಟ್ಟಿಯಾಗಿ ನಿಲ್ಲುವುದನ್ನು ಕೇಳಿದ್ದೇನೆ.

ಸ್ವೀಡನ್ನಿನ ಕೆಂಪು ನಾರ್ಡ್ ಎಲ್ಲರ ಕನಸು. ನಾರ್ಡ್ ಸ್ಟೇಜ್ 2005ರಿಂದ ಬರುತ್ತಿದೆ. ಇದರ ಹೆಚ್ಚುಗಾರಿಕೆ ಎಂದರೆ ಪಿಯಾನೊಗಳ ಭಂಡಾರ. ಗ್ರ್ಯಾಂಡ್, ಅಪ್‌ರೈಟ್‌ಗಳ ಸಾಲೇ ಇದೆ. ವಾದ್ಯ ಕೊಂಡವರು ತಮಗೆ ಬೇಕಾದ್ದನ್ನು ಉಚಿತವಾಗಿ ಇಳಿಸಿಕೊಂಡು, ಬೇಡದ್ದನ್ನು ತೆಗೆಯಬಹುದು. ಒಂದೇ ಪಿಯಾನೊ ಸಣ್ಣ ಗಾತ್ರದಲ್ಲೂ ದೊಡ್ಡ ಗಾತ್ರದಲ್ಲೂ ಸಿಗುತ್ತದೆ. ಅಪ್‌ರೈಟ್‌ಗಳನ್ನು ಇಷ್ಟು ಅಕ್ಕರೆಯಿಂದ ಹಿಡಿದ ಕಂಪನಿ ಇನ್ನೊಂದಿಲ್ಲ ಎಂಬುದು ನನ್ನ ಭಾವನೆ.

ಕವಾಯ್ ಎಂಪಿ11ರ ಬಗ್ಗೆ ಬರೆಯುವಾಗ ಮನಸ್ಸು ಎರಡಾಗುತ್ತದೆ. ಮರದ ಮನೆಗಳು, ಕವಾಯ್ ಗ್ರ್ಯಾಂಡ್‌ನ ಬೆಚ್ಚನೆಯ ದುಂಡು ಧ್ವನಿ. ಸ್ವರ ಶುರುವಾಗುವಾಗ ಚುಚ್ಚುವುದಿಲ್ಲ, ನಾಲ್ಕು ಧ್ವನಿಯ ಕೋಯರ್ ಅದರ ಮೇಲೆ ಒರಗಿಕೊಳ್ಳಬಹುದು. ತೂಕ ಮಾತ್ರ 32 ಕಿಲೊ ಆಸುಪಾಸು. ಬಂಗಾರಪೇಟೆ ಸ್ಟೇಷನ್ನಿನ ಮೇಲ್ಸೇತುವೆ ಹತ್ತಿ ಪ್ಲಾಟ್‌ಫಾರಂ ಬದಲಿಸಬೇಕಾದವರಿಗೆ 18.6 ಕಿಲೊದ ಸಿಪಿ88 ಕೂಡ ಭಾರವೇ, 13.1 ಕಿಲೊದ ಸಿಪಿ73 ಪರವಾಗಿಲ್ಲ. ಎಂಪಿ11 ಒಂದು ಕಡೆ ಇಟ್ಟು ಅಲ್ಲೇ ನುಡಿಸುವ ವಾದ್ಯ, ಖಾಯಂ ಜಾಗವಿರುವ ಚರ್ಚಿಗೆ ಒಳ್ಳೆಯ ಸಂಪತ್ತು.

ಕಲಿಯುವ ಮಕ್ಕಳ ಮನೆಯಲ್ಲಿ ಇರುವುದು ಹೆಚ್ಚಾಗಿ ಕ್ಯಾಸಿಯೊ. 2003ರಲ್ಲಿ ಬಂದ ಪ್ರಿವಿಯಾ ಸಾಲು, ಭಾರದ ಮನೆಗಳುಳ್ಳ ಪಿಯಾನೊವನ್ನು ಮಧ್ಯಮ ವರ್ಗದ ಮನೆಯೊಳಗೆ ತಂದಿತು. ಮಗು ಅದರಲ್ಲಿ ಬೆರಳು ಬಲಿಸಿಕೊಂಡು ಬಂದರೆ ಮುಂದೆ ಯಾವ ವಾದ್ಯಕ್ಕೂ ಹೆದರುವುದಿಲ್ಲ.

ಅಪ್‌ರೈಟ್‌ನ ಪರವಾಗಿ

ಈಗ ನನ್ನ ವಾದಕ್ಕೆ ಬರುತ್ತೇನೆ. ಮೇಲೆ ಹೇಳಿದ ಸಿಪಿ88ರಲ್ಲಿ ಮೂರು ಗ್ರ್ಯಾಂಡ್ ದಾಟಿ ಮುಂದೆ ಹೋದರೆ ಯು1, ಎಸ್‌ಯು7 ಎಂಬ ಎರಡು ಅಪ್‌ರೈಟ್‌ಗಳಿವೆ. ನಾರ್ಡ್‌ನಲ್ಲೂ ಹಲವಿವೆ. ಹೆಚ್ಚಿನವರು ಅವುಗಳನ್ನು ಹಳೆಯ ಸಿನಿಮಾದ ದೃಶ್ಯಕ್ಕೆ, ತಮಾಷೆ ಹಾಡಿಗೆ ಎಂದು ಬದಿಗಿಡುತ್ತಾರೆ. ನನ್ನ ಮಟ್ಟಿಗೆ ಕೆಜಿಎಫ್‌ನ ಹಾಲುಗಳಿಗೆ ಅವೇ ಮೊದಲ ಆಯ್ಕೆ.

ಕಾರಣ ವಾದ್ಯದ ಮೈಕಟ್ಟಿನಲ್ಲೇ ಇದೆ. ಅಪ್‌ರೈಟ್‌ನ ತಂತಿಗಳು ಕನ್ಸರ್ಟ್ ಗ್ರ್ಯಾಂಡ್‌ನವಕ್ಕಿಂತ ಗಿಡ್ಡ, ಕೆಳಸ್ವರಗಳ ಮೂಲಶ್ರುತಿ ದುರ್ಬಲ, ಮೇಲಿನ ಅನುಸ್ವರಗಳು ಪ್ರಬಲ. ಸ್ಟುಡಿಯೊದಲ್ಲಿ ಇದು ಕೊರತೆ. ಗುಂಯ್‌ಗುಡುವ ತಗಡಿನ ಹಾಲಿನಲ್ಲಿ ಇದೇ ವರ, ಏಕೆಂದರೆ ಕೆಸರಾಗುವ ಜಾಗದಲ್ಲಿ ಅದು ಮೊದಲೇ ಮಿತವಾಗಿದೆ. ಸ್ವರ ಬೇಗ ಇಳಿಯುವುದರಿಂದ ಒಂದು ಕಾರ್ಡಿನ ಬಾಲ ಇನ್ನೊಂದರ ತಲೆಯ ಮೇಲೆ ಬೀಳುವುದಿಲ್ಲ. ಹಾಲಿನ ಪ್ರತಿಧ್ವನಿ ಉಳಿದ ಬಾಲವನ್ನು ತಾನೇ ಒದಗಿಸುತ್ತದೆ. ಎಡಬಲದ ಹರವು ಕಡಿಮೆ ಇರುವ ಧ್ವನಿಮುದ್ರಣವನ್ನು ಒಂದೇ ಲೈನಿಗೆ ಇಳಿಸಿದಾಗ ಕಳೆದುಕೊಳ್ಳುವುದೂ ಕಡಿಮೆ. ಬಂಗಾರಪೇಟೆ ಪಾನಿಪುರಿಯ ನೀರಿನ ಹಾಗೆ, ಕಣ್ಣಿಗೆ ಬರಿಯ ತಿಳಿನೀರು, ಬಾಯಿಗಿಟ್ಟ ಮೇಲೆ ಖಾರ ಹುಳಿ ಎಲ್ಲ ಗೊತ್ತಾಗುತ್ತದೆ.

ಹಿರಿಯರ ಕಿವಿಯ ಮಾತು ನೆನಪಿಡಿ ಎಂದಿದ್ದೆ. ಕೋಯರ್‌ನ ವಯಸ್ಸಾದ ಆಲ್ಟೊ ಗಾಯಕಿಯರು ತಮ್ಮ ಸ್ವರ ಹಿಡಿಯುವುದು ಪಿಯಾನೊದ ಒಳಗಿನ ಧ್ವನಿಗಳನ್ನು ಕೇಳಿ. ಗ್ರ್ಯಾಂಡ್ ಟೋನ್‌ನಲ್ಲಿ ಮೇಲಿನ ರಾಗವೂ ಕೆಳಗಿನ ಬೇಸೂ ಎದ್ದು ನಿಂತು ನಡುವಿನ ಎರಡು ಸ್ವರ ಮುಳುಗಿದರೆ ಅವರು ತಡವರಿಸುತ್ತಾರೆ. ಅಪ್‌ರೈಟ್ ಟೋನ್‌ಗೆ ಬದಲಿಸಿ ಅದೇ ಹಿಮ್ನ್ ನುಡಿಸಿ ನೋಡಿ. ನಾಲ್ಕೂ ಸ್ವರ ಬಿಡಿಬಿಡಿಯಾಗಿ ಕೇಳಿ, ಎರಡನೆಯ ಚರಣದ ಹೊತ್ತಿಗೆ ಆಲ್ಟೊ ಸಾಲು ಗಟ್ಟಿಯಾಗುತ್ತದೆ. ನಾನು ಈ ಟೋನಿನ ಪಕ್ಷ ಹಿಡಿದದ್ದು ಆ ಗಾಯಕಿಯರ ಕಾರಣದಿಂದ.

ಮಳೆ ಬಂದರೆ ಮಾತ್ರ ಎಲ್ಲ ಲೆಕ್ಕವೂ ತಲೆಕೆಳಗು. ಅಕ್ಟೋಬರ್, ನವೆಂಬರ್‌ನ ಹಿಂಗಾರು ತಗಡಿನ ಮೇಲೆ ಸುರಿಯುವಾಗ ಮೆಲುಪದರಗಳು ಯಾವ ಕಂಪನಿಯವಾದರೂ ಕೇಳುವುದಿಲ್ಲ. ಆಗ ಟಚ್ ಸೆಟ್ಟಿಂಗನ್ನು ‘ಲೈಟ್’ಗೆ ತಂದು, ಪಿಯಾನೊ ಹಿಂದೆ ಸ್ಟ್ರಿಂಗ್ಸ್ ಸೇರಿಸಿ, ಧೈರ್ಯವಾಗಿ ನುಡಿಸಬೇಕು.

ನಮ್ಮ ಪಿಯಾನೊವನ್ನೇ ಹಿಡಿದಿಟ್ಟರೆ?

ಈ ಎಲ್ಲ ಟೋನುಗಳೂ ಹಮಮಾತ್ಸು, ವಿಯೆನ್ನಾ, ಸ್ಟಾಕ್‌ಹೋಮ್‌ಗಳ ಕಡೆಯವು. ಕೆಜಿಎಫ್‌ನ ಯಾವುದಾದರೂ ಬಂಗಲೆಯಲ್ಲೋ ಚರ್ಚಿನ ಮೂಲೆಯಲ್ಲೋ ಶಾಲೆಯ ದಾಸ್ತಾನು ಕೋಣೆಯಲ್ಲೋ ಹಳೆಯ ಅಪ್‌ರೈಟ್ ಒಂದು ಇನ್ನೂ ಉಸಿರಾಡುತ್ತಿದ್ದರೆ, ಅದನ್ನೇ ಟೋನ್ ಆಗಿ ಮಾಡಿಕೊಳ್ಳಲು ಇವತ್ತು ಯಾವ ದೊಡ್ಡ ಸ್ಟುಡಿಯೊವೂ ಬೇಕಿಲ್ಲ. ಸ್ವಂತ ಧ್ವನಿಮುದ್ರಣಗಳನ್ನು ವಾದ್ಯಕ್ಕೆ ತುಂಬಲು ನಾರ್ಡ್‌ನಂಥವರು ತಂತ್ರಾಂಶ ಕೊಡುತ್ತಾರೆ. ಇಂಗ್ಲೆಂಡಿನ ಸಂಗೀತಗಾರ ಕ್ರಿಶ್ಚಿಯನ್ ಹೆನ್ಸನ್ ಆರಂಭಿಸಿದ ಪಿಯಾನೊಬುಕ್ ಎಂಬ ಬಳಗದಲ್ಲಿ ಜನ ತಮ್ಮ ಅಜ್ಜಿಯ ಮನೆಯ, ಶಾಲೆಯ, ಮುರುಕು ಪಿಯಾನೊಗಳನ್ನೂ ಹೀಗೆ ಹಿಡಿದು ಎಲ್ಲರಿಗೂ ಹಂಚುತ್ತಿದ್ದಾರೆ.

ನಿಶ್ಶಬ್ದದಲ್ಲಿ ಸೂಕ್ಷ್ಮವನ್ನು ಹಿಡಿಯುವ ಕೆಲಸ ಈ ಊರಿಗೆ ಹೊಸದೇನಲ್ಲ. 1965ರಲ್ಲಿ ಇದೇ ಚಾಂಪಿಯನ್ ರೀಫ್ಸ್ ಗಣಿಯಲ್ಲಿ, 2.3 ಕಿಲೊಮೀಟರ್ ಆಳದಲ್ಲಿ, ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ, ಜಪಾನಿನ ಒಸಾಕಾ ಮತ್ತು ಇಂಗ್ಲೆಂಡಿನ ಡರ್ಹಮ್‌ನ ವಿಜ್ಞಾನಿಗಳು ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊಗಳ ಗುರುತನ್ನು ಜಗತ್ತಿನಲ್ಲೇ ಮೊದಮೊದಲು ಕಂಡವರಲ್ಲಿ ಸೇರಿದರು. ಮೇಲಿನ ಬಂಡೆಯೆಲ್ಲ ಬೇಡದ ಕಣಗಳನ್ನು ತಡೆದು ನಿಂತಿತ್ತು. ನಮಗೆ ಅಷ್ಟು ಆಳ ಬೇಡ, ಕೊನೆಯ ರೈಲು ಹೋದ ಮೇಲಿನ ರಾತ್ರಿ ಸಾಕು. ಫ್ಯಾನ್ ನಿಲ್ಲಿಸಿ, ಟ್ಯೂಬ್‌ಲೈಟ್ ಆರಿಸಿ.

ಮೂರು ಮನೆಗೊಂದರಂತೆ ಹಿಡಿದರೆ 88 ಮನೆಗೆ ಸುಮಾರು 30 ಸ್ವರ. ಮೆಲ್ಲಗೆ, ನಡು, ಜೋರು ಎಂದು ಮೂರು ಒತ್ತು. 90 ಧ್ವನಿಮುದ್ರಣ. ಪ್ರತಿಯೊಂದನ್ನೂ ಪೂರ್ತಿ ಆರುವ ತನಕ ಬಿಡಬೇಕು, ಕೆಳಸ್ವರಗಳಿಗೆ ಒಂದು ನಿಮಿಷವೇ ಹಿಡಿದರೂ ಅವಸರಿಸಬಾರದು. ಮನೆ ಬಿಟ್ಟಾಗ ಫೆಲ್ಟು ತಂತಿಗೆ ಕೂರುವ ಸದ್ದು, ಪೆಡಲಿನ ಕಿರುಗುಟ್ಟು ಕೂಡ ಬೇಕು. ಟ್ಯೂನರ್ ಬರುವ ಮೊದಲೊಮ್ಮೆ, ಬಂದು ಹೋದ ಮೇಲೊಮ್ಮೆ ಹಿಡಿದರೆ ಎರಡು ಟೋನ್ ಸಿಗುತ್ತವೆ. ಎಲ್ಲರೂ ಮಾಡುವಂತೆ ಎರಡು ಮೈಕು ವಾದ್ಯದ ಹತ್ತಿರ ಇರಲಿ. ಮೂರನೆಯದನ್ನು ಜನ ಕೂರುವ ಬೆಂಚಿನ ಮೇಲೆ, ಕೂತವರ ಕಿವಿಯ ಎತ್ತರಕ್ಕೆ ಇಡಿ. ಕೀಬೋರ್ಡಿಗೆ ತುಂಬುವಾಗ ಆ ಒಂದು ಮೈಕಿನ ಪಿಯಾನೊ ಪಟ್ಟಿಯಲ್ಲಿ ಮೊದಲನೆಯದಾಗಿರಲಿ.